ಎಸ್‌ಎಸ್‌ಡಿ ದುಬಾರಿಯಾಗಿದೆ: 4 ಟಿಬಿ ಈಗಲೇ ಬೇಕಾ?

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ 4 ಟಿಬಿ ಎಸ್‌ಎಸ್‌ಡಿ (ಫೈಲುಗಳನ್ನು ಚಿಪ್‌ನಲ್ಲಿ ಕೂಡಿಡುವ ವೇಗದ ಡ್ರೈವ್) ದರ ಕೇಳಿದರೆ ಉತ್ತರಕ್ಕೆ ಮೊದಲು ಒಂದು ಪ್ರಶ್ನೆ ಬರುತ್ತದೆ: ‘ಆಜ್ ಲೇನಾ ಹೈ ಕ್ಯಾ?’ (ಇವತ್ತೇ ಕೊಳ್ಳಬೇಕಾ?) ಇವತ್ತಿನ ದರ ನಾಳೆಗೂ ಇರುತ್ತದೆ ಎಂದು ಮಾತು ಕೊಡಲು ಅಂಗಡಿಯವರು ಹಿಂಜರಿಯುತ್ತಾರೆ.

ಕಂಪ್ಯೂಟರ್ ಸಾಮಾನು ವರ್ಷ ಕಳೆದಂತೆ ಅಗ್ಗವಾಗುತ್ತದೆ ಎಂಬುದು ಎಲ್ಲರ ನಂಬಿಕೆ. 2023ರಲ್ಲಿ ಎಸ್‌ಎಸ್‌ಡಿ ಬೆಲೆ ನೆಲ ಕಚ್ಚಿದಾಗ ಆ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಲ್ಲ ತಿರುಗಾಮುರುಗಾ ಆಯಿತು. ಡಿಸೆಂಬರ್ 3ರಂದು ಅಮೆರಿಕದ ಮೈಕ್ರಾನ್ ಕಂಪನಿ ‘ಕ್ರೂಶಿಯಲ್’ ಹೆಸರಿನಲ್ಲಿ ನಡೆಸುತ್ತಿದ್ದ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಮನೆ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೆ ತುಂಬ ಪರಿಚಯದ ಹೆಸರು ಅದು. ಎಲ್ಲೋ ಕೃತಕ ಬುದ್ಧಿಮತ್ತೆಗೆ ದೊಡ್ಡ ಡೇಟಾ ಸೆಂಟರ್ ಕಟ್ಟಿದರೆ ಡೊಂಬಿವಿಲಿಯ ಮನೆಯ ಡ್ರೈವ್ ಯಾಕೆ ದುಬಾರಿಯಾಗಬೇಕು? ಈ ಹೊತ್ತಿನಲ್ಲಿ ದೊಡ್ಡ ಡ್ರೈವ್ ಕೊಳ್ಳುವುದು ಜಾಣತನವಾ?

ಬೆಲೆ ಏರಿದ್ದು ಹೇಗೆ

ಎಸ್‌ಎಸ್‌ಡಿಯ ಜೀವಾಳ ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್. ಅಂಗಡಿಯಲ್ಲಿ ಹತ್ತಾರು ಬ್ರ್ಯಾಂಡ್ ಕಾಣಿಸಿದರೂ ಈ ಚಿಪ್ ಮಾಡುವವರು ಬೆರಳೆಣಿಕೆಯಷ್ಟು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಕಿಯೋಕ್ಸಿಯಾ, ಸ್ಯಾನ್‌ಡಿಸ್ಕ್, ಮೈಕ್ರಾನ್ ಮತ್ತು ಚೀನಾದ ವೈಎಂಟಿಸಿ. ಉಳಿದ ಬಹುತೇಕ ಬ್ರ್ಯಾಂಡ್‌ಗಳು ಇವರಿಂದ ಚಿಪ್ ಕೊಂಡು ತಮ್ಮ ಸ್ಟಿಕ್ಕರ್ ಅಂಟಿಸುತ್ತವೆ.

2023ರಲ್ಲಿ ಈ ಕಂಪನಿಗಳ ಗೋದಾಮು ತುಂಬಿ ಹೋಗಿತ್ತು. ಕೋವಿಡ್ ಕಾಲದ ಲ್ಯಾಪ್‌ಟಾಪ್ ಖರೀದಿ ಮುಗಿದಿತ್ತು, ಚಿಪ್ ಮಾತ್ರ ಬರುತ್ತಲೇ ಇತ್ತು. ಬೆಲೆ ಕುಸಿಯಿತು, ನಷ್ಟ ಬಂತು. ಸುಟ್ಟ ಕೈ ಹಿಂದೆಗೆದುಕೊಂಡಂತೆ ಎಲ್ಲರೂ ಉತ್ಪಾದನೆ ಇಳಿಸಿದರು, ಹೊಸ ಹೂಡಿಕೆ ತಡೆಹಿಡಿದರು. ಅದೇ ವೇಳೆಗೆ ಎಐ ಕಂಪನಿಗಳ ಬೇಡಿಕೆ ಬಂತು. ಮೊದಲು ಅವರಿಗೆ ಬೇಕಾಗಿದ್ದು, ಕಂಪ್ಯೂಟರ್ ಓಡುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವೇಗದ ಡಿರ್‍ಯಾಮ್ ಮೆಮೊರಿ. ಚಿಪ್ ಕಂಪನಿಗಳು ದುಡ್ಡು, ಜಾಗ, ಎಂಜಿನಿಯರುಗಳನ್ನು ಆ ಕಡೆ ತಿರುಗಿಸಿದವು. ಆಮೇಲೆ ಡೇಟಾ ಸೆಂಟರ್‌ಗಳಿಗೆ ಬೇಕಾದ, ಒಳಗೆ ತಟ್ಟೆ ತಿರುಗುವ ಹಳೇ ಬಗೆಯ ದೊಡ್ಡ ಹಾರ್ಡ್ ಡಿಸ್ಕ್‌ಗೂ ಕೊರತೆಯಾಯಿತು. ಹಾರ್ಡ್ ಡಿಸ್ಕಿಗೆ ತಿಂಗಳುಗಟ್ಟಲೆ ಕಾಯಲಾಗದವರು ದೊಡ್ಡ ಎಸ್‌ಎಸ್‌ಡಿಯತ್ತ ನೋಡತೊಡಗಿದರು.

ಸೊಲಿಡೈಮ್ ಎಂಬ ಕಂಪನಿ ಡೇಟಾ ಸೆಂಟರ್‌ಗೆಂದು 122.88 ಟಿಬಿಯ ಒಂದೇ ಎಸ್‌ಎಸ್‌ಡಿ ಮಾಡುತ್ತದೆ. ಅಂಥದ್ದೊಂದಕ್ಕೆ ಹೋಗುವ ಫ್ಲ್ಯಾಶ್‌ನಲ್ಲಿ ಮನೆಬಳಕೆಯ 4 ಟಿಬಿ ಡ್ರೈವ್‌ಗಳನ್ನು ಸುಮಾರು ಮೂವತ್ತು ಮಾಡಬಹುದು. ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳುವವರೂ, ಒಂದೊಂದೇ ಚೌಕಾಸಿ ಮಾಡಿ ಕೊಳ್ಳುವ ನಾವೂ ಒಂದೇ ಸಾಲಿನಲ್ಲಿ ನಿಂತರೆ ಯಾರಿಗೆ ಮೊದಲು ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೈಕ್ರಾನ್ ತೀರ್ಮಾನದ ಹಿಂದಿನ ಲೆಕ್ಕವೂ ಇದೇ. ದೊಡ್ಡ ಗಿರಾಕಿಗಳಿಗೆ ಸಾಕಾಗುವಷ್ಟು ಚಿಪ್ ಇಲ್ಲದಾಗ ಚಿಲ್ಲರೆ ಅಂಗಡಿ ಯಾಕೆ?

ಇದರ ಮೇಲೆ ರೂಪಾಯಿ. ಅದೇ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿತು. ಡ್ರೈವ್ ಬರುವುದು ಡಾಲರ್ ಲೆಕ್ಕದಲ್ಲಿ, ಅದರ ಮೇಲೆ 18% ಜಿಎಸ್‌ಟಿ. ಹಾಗಾಗಿ ಹೊರಗಿನ ಏರಿಕೆ ಇಲ್ಲಿಗೆ ಬರುವಾಗ ಇನ್ನಷ್ಟು ದಪ್ಪವಾಗಿರುತ್ತದೆ. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಘಟಕ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ನಡೆಯುವುದು ಚಿಪ್ ಜೋಡಣೆ, ಪರೀಕ್ಷೆ ಮತ್ತು ಪ್ಯಾಕಿಂಗ್. ಫ್ಲ್ಯಾಶ್ ಹುಟ್ಟುವುದು ಹೊರದೇಶದಲ್ಲೇ. ಚಿಪ್ ದರವೂ ಜಗತ್ತಿನ ದರವೇ.

ಕೊಳ್ಳೋಣ, ಕಾಯೋಣ, ಹಾರ್ಡ್ ಡಿಸ್ಕೇ ಸಾಕು

ಈಗ ಮೂರು ವಾದಗಳು ಓಡಾಡುತ್ತಿವೆ. ‘ಇನ್ನೂ ಏರುತ್ತದೆ, ಈಗಲೇ ಕೊಳ್ಳಿ’ ಎಂಬುದು ಒಂದು. ಇದನ್ನು ಹೇಳುವವರಲ್ಲಿ ಮಾರುವವರೇ ಜಾಸ್ತಿ ಎಂಬುದನ್ನು ಮರೆಯಬಾರದು. ಆದರೆ ಮಾತು ಪೂರ್ತಿ ಸುಳ್ಳಲ್ಲ. ಹೊಸ ಚಿಪ್ ಕಾರ್ಖಾನೆ ಕಟ್ಟಿ, ಯಂತ್ರ ಕೂರಿಸಿ, ಸರಕು ಹೊರಗೆ ಬರಲು ವರ್ಷಗಳು ಬೇಕು. ಬೇಡಿಕೆ ಇದ್ದಕ್ಕಿದ್ದಂತೆ ಏರಬಹುದು, ಪೂರೈಕೆ ಹಾಗೆ ಏರುವುದಿಲ್ಲ.

‘2023ರ ಹಾಗೆ ಮತ್ತೆ ಬೀಳುತ್ತದೆ, ಕಾಯಿರಿ’ ಎಂಬುದು ಇನ್ನೊಂದು. ಮೆಮೊರಿ ವ್ಯಾಪಾರದ ಚರಿತ್ರೆ ಈ ವಾದದ ಪರ ಇದೆ. ಏರಿಕೆಯಲ್ಲಿ ಎಲ್ಲರೂ ಹೂಡಿಕೆ ಮಾಡುತ್ತಾರೆ, ಆಮೇಲೆ ಸರಕು ಹೆಚ್ಚಾಗಿ ಬೆಲೆ ಬೀಳುತ್ತದೆ. ಇದು ಹಲವು ಸಲ ನಡೆದಿದೆ. ಯಾವಾಗ ಎಂಬುದೇ ತೊಡಕು. ಡ್ರೈವ್ ತುಂಬಿ ಕಂಪ್ಯೂಟರ್ ಕುಂಟುತ್ತಿದ್ದರೆ ಆ ಚಕ್ರ ತಿರುಗುವವರೆಗೆ ಕಾಯುವುದು ಹೇಗೆ? ಇನ್ನೂ 400 ಜಿಬಿ ಖಾಲಿ ಇದೆ ಎನ್ನುವವರು ಮಾತ್ರ ಆರಾಮವಾಗಿ ಕಾಯಬಹುದು.

ಮೂರನೆಯವರು ‘ಅಷ್ಟೊಂದು ಎಸ್‌ಎಸ್‌ಡಿ ಸುಮ್ನೆ ಯಾಕೆ, ಹಾರ್ಡ್ ಡಿಸ್ಕ್ ಸಾಕು’ ಎನ್ನುತ್ತಾರೆ. ಹಳೇ ಕಾಲದ ಮಾತಿನಂತೆ ಕೇಳಿಸಿದರೂ ಮೂರರಲ್ಲಿ ಹೆಚ್ಚು ತೂಕದ್ದು ಇದೇ. ಪೂರ್ತಿ ಒಪ್ಪಬೇಕಿಲ್ಲ. ವಿಂಡೋಸ್ ಮತ್ತು ದಿನಬಳಕೆಯ ತಂತ್ರಾಂಶ ಇರುವ ಜಾಗ ಎಸ್‌ಎಸ್‌ಡಿಯೇ ಆಗಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ 4 ಟಿಬಿ ಬೇಕು ಎನ್ನುವ ಮನೆಯಲ್ಲಿ 3 ಟಿಬಿ ಏನಿರುತ್ತದೆ? ಮದುವೆ ವಿಡಿಯೊ, ಹಳೇ ಫೋನುಗಳ ಫೋಟೊ, ಒಮ್ಮೆ ನೋಡಿ ಬಿಟ್ಟ ಸಿನಿಮಾ. ಇವಕ್ಕೆ ಫ್ಲ್ಯಾಶ್ ವೇಗ ಬೇಕಾಗಿಲ್ಲ. ಬೆಲೆ ಕಡಿಮೆ ಇದ್ದಾಗ ಈ ಪ್ರಶ್ನೆ ಯಾರೂ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಳ್ಳಲೇಬೇಕು. ಎಷ್ಟು ಟಿಬಿ ಕೊಳ್ಳಬೇಕು ಎನ್ನುವುದಕ್ಕಿಂತ ನಮ್ಮ ಫೈಲುಗಳಲ್ಲಿ ಯಾವುದಕ್ಕೆ ಎಸ್‌ಎಸ್‌ಡಿ ಬೇಕು ಎಂಬುದು ದೊಡ್ಡ ಪ್ರಶ್ನೆ.

ಡಬ್ಬಿಯ ಮೇಲೆ ಕಾಣದ ಸಂಗತಿ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎರಡೇ ಅಂಕಿ ಇರುತ್ತವೆ. ಒಂದು ಸಾಮರ್ಥ್ಯ, ಇನ್ನೊಂದು ವೇಗ. ಡ್ರೈವಿನ ಗುಣ ಗೊತ್ತಾಗುವುದು ಬೇರೆ ಕಡೆ.

ಫ್ಲ್ಯಾಶ್ ಚಿಪ್‌ನಲ್ಲಿ ಕೋಟ್ಯಂತರ ಪುಟ್ಟ ಕೋಶಗಳಿರುತ್ತವೆ. ಪ್ರತಿ ಕೋಶದಲ್ಲೂ ವಿದ್ಯುತ್ ಆವೇಶ ಕೂಡಿಟ್ಟು, ಅದರ ಮಟ್ಟವನ್ನು ಓದಿ ಮಾಹಿತಿ ತಿಳಿಯುತ್ತಾರೆ. ಒಂದು ಕೋಶದಲ್ಲಿ ಮೂರು ಬಿಟ್ (0 ಅಥವಾ 1 ಎಂಬ ಗುರುತು) ಇಟ್ಟರೆ ಟಿಎಲ್‌ಸಿ. ಆಗ 8 ಮಟ್ಟ ಗುರುತಿಸಬೇಕು. ನಾಲ್ಕು ಬಿಟ್ ಇಟ್ಟರೆ ಕ್ಯೂಎಲ್‌ಸಿ, 16 ಮಟ್ಟ. ಅಷ್ಟೇ ಲೋಟಕ್ಕೆ ಎರಡರಷ್ಟು ಗೆರೆ ಎಳೆದು ಹನಿ ಹೆಚ್ಚುಕಡಿಮೆಯಾಗದಂತೆ ಸುರಿಯಬೇಕಾದ ಹಾಗೆ. ಅದಕ್ಕೇ ಕ್ಯೂಎಲ್‌ಸಿಗೆ ಬರೆಯುವುದು ನಿಧಾನ, ಕೋಶ ಸವೆಯುವುದೂ ಬೇಗ. ಲಾಭವೆಂದರೆ ಅಷ್ಟೇ ಚಿಪ್‌ನಲ್ಲಿ ಮೂರನೇ ಒಂದರಷ್ಟು ಹೆಚ್ಚು ಜಾಗ. ದೊಡ್ಡ ಡ್ರೈವ್ ಅಗ್ಗಕ್ಕೆ ಕೊಡಬೇಕಾದಾಗ ಕಂಪನಿಗಳು ಇದಕ್ಕೆ ಕೈಹಾಕುವುದು ಅದಕ್ಕಾಗಿ.

ಈ ನಿಧಾನವನ್ನು ಮರೆಮಾಚುವ ಉಪಾಯವೂ ಇದೆ. ಖಾಲಿ ಕೋಶಗಳಲ್ಲಿ ತಾತ್ಕಾಲಿಕವಾಗಿ ಒಂದೊಂದೇ ಬಿಟ್ ಬರೆಯುತ್ತಾರೆ. ಅದು ತುಂಬ ವೇಗ. ಕಂಪ್ಯೂಟರ್ ಸುಮ್ಮನಿರುವಾಗ ಡ್ರೈವ್ ತಾನೇ ಅದನ್ನು ನಾಲ್ಕು ಬಿಟ್‌ಗೆ ಒತ್ತಿಕೊಳ್ಳುತ್ತದೆ. ಈ ತಾತ್ಕಾಲಿಕ ಜಾಗಕ್ಕೆ ಎಸ್‌ಎಲ್‌ಸಿ ಕ್ಯಾಶ್ ಎನ್ನುತ್ತಾರೆ. ಡಬ್ಬಿಯ ಮೇಲಿನ ಬರೆಯುವ ವೇಗ ಈ ಕ್ಯಾಶ್‌ನದ್ದು. ಅದು ತುಂಬಿದ ಮೇಲೆ ಡ್ರೈವಿನ ನಿಜವಾದ ವೇಗ ಹೊರಬೀಳುತ್ತದೆ. ಅಗ್ಗದ ಕ್ಯೂಎಲ್‌ಸಿ ಡ್ರೈವ್ ಆಗ ಸೆಕೆಂಡಿಗೆ 100 ಎಂಬಿ ಆಸುಪಾಸಿಗೂ ಇಳಿಯುವುದುಂಟು. ಅಂದರೆ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಕ್ಯಾಶ್ ಇರುವುದು ಖಾಲಿ ಜಾಗದಲ್ಲಾದ್ದರಿಂದ ಡ್ರೈವ್ ತುಂಬಿದಷ್ಟೂ ಅದು ಕುಗ್ಗುತ್ತದೆ. 4 ಟಿಬಿಯಲ್ಲಿ 400 ಜಿಬಿ ಮಾತ್ರ ಉಳಿದಿದ್ದರೆ ಕ್ಯಾಶ್‌ಗೆ ಹೆಚ್ಚೆಂದರೆ 100 ಜಿಬಿ ಸಿಗುತ್ತದೆ.

ಬಾಳಿಕೆಯ ಸುಳಿವು ಟಿಬಿಡಬ್ಲ್ಯು ಎಂಬ ಅಂಕಿಯಲ್ಲಿದೆ. ವಾರಂಟಿ ಮುಗಿಯುವ ಮೊದಲು ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬ ಲೆಕ್ಕ ಅದು. ಸ್ಯಾಮ್‌ಸಂಗ್ 990 ಪ್ರೊ 4 ಟಿಬಿಗೆ 2400, ಕ್ರೂಶಿಯಲ್ ಪಿ3 ಪ್ಲಸ್ 4 ಟಿಬಿಗೆ 800. ಮೊದಲನೆಯದು ಟಿಎಲ್‌ಸಿ, ಎರಡನೆಯದು ಕ್ಯೂಎಲ್‌ಸಿ. ಕೋಶದ ವಿಧವನ್ನು ಕಂಪನಿ ಬರೆಯದಿದ್ದರೂ ಟಿಬಿಡಬ್ಲ್ಯು ನೋಡಿ ಸುಮಾರಾಗಿ ಊಹಿಸಬಹುದು. ಒಂದು ಟಿಬಿಗೆ 600ರಷ್ಟು ಇದ್ದರೆ ಸಾಮಾನ್ಯವಾಗಿ ಟಿಎಲ್‌ಸಿ. 200ರ ಹತ್ತಿರ ಇದ್ದರೆ ಕ್ಯೂಎಲ್‌ಸಿ ಎಂದೇ ಅನುಮಾನಿಸಿ.

ಒಂದೇ ಹೆಸರಿನ ಡ್ರೈವ್ ಎಲ್ಲ ಅಳತೆಯಲ್ಲೂ ಒಂದೇ ಇರುತ್ತದೆ ಎಂದೂ ಹೇಳಲಾಗದು. ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ಬ್ಲೂ ಎಸ್‌ಎನ್5000 ಸರಣಿಯಲ್ಲಿ 2 ಟಿಬಿವರೆಗೆ ಟಿಎಲ್‌ಸಿ, 4 ಟಿಬಿಯದ್ದು ಕ್ಯೂಎಲ್‌ಸಿ. 1 ಟಿಬಿಯ ವಿಮರ್ಶೆ ಓದಿ 4 ಟಿಬಿ ಕೊಂಡವರಿಗೆ ಬೇರೆಯದೇ ಡ್ರೈವ್ ಸಿಗುತ್ತದೆ. ಇನ್ನೂ ಕಿರಿಕಿರಿಯ ಸಂಗತಿ ಎಂದರೆ ಹೆಸರು ಅದೇ ಇಟ್ಟು ಒಳಗಿನ ಚಿಪ್ ಬದಲಿಸುವುದು. 2021ರಲ್ಲಿ ಕ್ರೂಶಿಯಲ್ ಪಿ2 ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾಗಿತ್ತು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550ರಲ್ಲೂ ಫ್ಲ್ಯಾಶ್ ಬದಲಾಗಿ ಕ್ಯಾಶ್ ಮುಗಿದ ನಂತರದ ವೇಗ ಕುಸಿದಿತ್ತು. ಗಲಾಟೆಯಾದ ಮೇಲೆ ಆ ಕಂಪನಿ ಮುಂದೆ ಇಂಥ ಬದಲಾವಣೆಗೆ ಹೊಸ ಹೆಸರು ಕೊಡುವುದಾಗಿ ಹೇಳಿತು. ಚಿಪ್ ಕೊರತೆ ಇರುವಾಗ ಸಿಕ್ಕಿದ್ದನ್ನು ಹಾಕಿ ಮಾರುವ ಆಸೆ ಹೆಚ್ಚುತ್ತದೆ. ಅದರಲ್ಲೂ ತಾವೇ ಚಿಪ್ ಮಾಡದ ಬ್ರ್ಯಾಂಡ್‌ಗಳಲ್ಲಿ.

ಹಾಗಾದರೆ ಕ್ಯೂಎಲ್‌ಸಿ ಕೆಟ್ಟದ್ದಾ?

ಅಲ್ಲ. ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು.

ಮುಂಬಯಿಯಲ್ಲಿ ಮಾಟುಂಗದಲ್ಲೋ ಮುಲುಂಡಿನಲ್ಲೋ ನಡೆದ ಯಕ್ಷಗಾನವನ್ನು ಒಳ್ಳೆಯ ಕ್ಯಾಮೆರಾದಲ್ಲಿ 4ಕೆ ರೆಕಾರ್ಡ್ ಮಾಡುತ್ತಾರೆ ಅಂದುಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ (8 ಮೆಗಾಬಿಟ್‌ಗೆ 1 ಎಂಬಿ) ಇದ್ದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಇಡೀ ರಾತ್ರಿ ಆಟಕ್ಕೆ 360 ಜಿಬಿ. ಕ್ಯಾಶ್ ಮುಗಿದು ಸೆಕೆಂಡಿಗೆ 100 ಎಂಬಿಗೆ ಇಳಿದ ಡ್ರೈವಿಗೆ ಇದನ್ನು ತುಂಬಲು ಒಂದು ಗಂಟೆ. ಕೇಳಲು ಭಯಂಕರ. ಆದರೆ ಆ ರೆಕಾರ್ಡಿಂಗ್ ಬರುವುದು ಎಲ್ಲಿಂದ? ಕ್ಯಾಮೆರಾದ ಕಾರ್ಡಿನಿಂದ. ಮಾಮೂಲಿ ಕಾರ್ಡ್ ಓದುವುದೇ ಸೆಕೆಂಡಿಗೆ 90 ಎಂಬಿ ಸುತ್ತ. ಹಾಗಾಗಿ ಎಷ್ಟು ದುಬಾರಿ ಎಸ್‌ಎಸ್‌ಡಿ ಹಾಕಿದರೂ ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ಕ್ಯೂಎಲ್‌ಸಿಯ ನಿಧಾನ ಇಲ್ಲಿ ಗೊತ್ತೇ ಆಗುವುದಿಲ್ಲ. ಓದುವಾಗ ಅದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ಮುಂದೆ. ಒಮ್ಮೆ ತುಂಬಿಸಿ ಹಲವು ಸಲ ನೋಡುವ ಮನೆಗೆ ಅದರಲ್ಲಿ ತಪ್ಪೇನಿಲ್ಲ.

ನೋವಾಗುವುದು ಒಂದು ವೇಗದ ಡ್ರೈವಿನಿಂದ ಇನ್ನೊಂದಕ್ಕೆ ನೂರಾರು ಜಿಬಿ ಸಾಗಿಸುವಾಗ ಮತ್ತು ಎಡಿಟಿಂಗ್‌ನಲ್ಲಿ ದಿನವೂ ಬರೆದು ಅಳಿಸುವಾಗ. ಅಂಥ ಕೆಲಸದವರು ದುಡ್ಡು ಹೆಚ್ಚಾದರೂ ಟಿಎಲ್‌ಸಿಯನ್ನೇ ತೆಗೆದುಕೊಳ್ಳಬೇಕು. ಡಿರ್‍ಯಾಮ್ ಕ್ಯಾಶ್ (ಡ್ರೈವಿನೊಳಗೇ ಇರುವ ಪುಟ್ಟ ಮೆಮೊರಿ ಚಿಪ್) ಇದ್ದರೆ ಇನ್ನೂ ಒಳ್ಳೆಯದು.

ಸವೆತದ ಭಯವೂ ಹೆಚ್ಚಿನವರಿಗೆ ಬೇಡ. ದಿನಕ್ಕೆ 30 ಜಿಬಿ ಬರೆದರೆ ವರ್ಷಕ್ಕೆ 11 ಟಿಬಿ. 800 ಟಿಬಿಡಬ್ಲ್ಯು ಮುಗಿಯಲು ಎಪ್ಪತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಬೇರೆ ಯಾವುದೋ ಭಾಗ ಕೆಟ್ಟಿರುತ್ತದೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಹೋಟೆಲಿನ ಸಿಸಿಟಿವಿಯನ್ನು ಕಂಪ್ಯೂಟರಿನ ಡ್ರೈವಿಗೇ ರೆಕಾರ್ಡ್ ಮಾಡಿಸುವ ಮಾಲೀಕರಿದ್ದಾರೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ 43 ಜಿಬಿ. ಎಂಟು ಕ್ಯಾಮೆರಾ ಎಂದರೆ ದಿನಕ್ಕೆ 345 ಜಿಬಿ, ವರ್ಷಕ್ಕೆ 126 ಟಿಬಿ. 440 ಟಿಬಿಡಬ್ಲ್ಯು ಇರುವ 2 ಟಿಬಿ ಕ್ಯೂಎಲ್‌ಸಿ ಡ್ರೈವಿನ ಲೆಕ್ಕ ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಇದಕ್ಕೆಂದೇ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಹಾರ್ಡ್ ಡಿಸ್ಕ್‌ಗಳಿವೆ. ವರ್ಷಕ್ಕೆ 180 ಟಿಬಿ ಹೊರೆಗೆ ಅವು ತಯಾರಾಗಿವೆ. ಇಲ್ಲಿ ಎಸ್‌ಎಸ್‌ಡಿ ಹಾಕುವುದು ದುಡ್ಡು ದಂಡ.

ವೇಗದ ಅಂಕಿ ಮತ್ತು ನಿಮ್ಮ ಮದರ್‌ಬೋರ್ಡ್

ಡ್ರೈವನ್ನು ಮದರ್‌ಬೋರ್ಡಿಗೆ (ಕಂಪ್ಯೂಟರಿನ ಮುಖ್ಯ ಹಲಗೆ) ಜೋಡಿಸುವ ದಾರಿ ಎರಡು: ಹಳೆಯ ಸಾಟಾ, ಹೊಸ ಪಿಸಿಐಇ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಪಿಸಿಐಇ 3ನೇ ತಲೆಮಾರು 3500, ನಾಲ್ಕನೆಯದು 7000, ಐದನೆಯದು 14000ದವರೆಗೆ. ಹಾರ್ಡ್ ಡಿಸ್ಕಿನಿಂದ ಸಾಟಾಕ್ಕೆ ಬಂದಾಗ ಆಗುವ ಖುಷಿ ನಾಲ್ಕರಿಂದ ಐದಕ್ಕೆ ಹೋದಾಗ ಆಗುವುದಿಲ್ಲ. ಮನೆಗೆ ಐದನೇ ತಲೆಮಾರು ಬೇಡ. ಅದು ಬಿಸಿಯಾಗುವುದೂ ಜಾಸ್ತಿ. ಮುಂಬಯಿಯ ಮೇ ತಿಂಗಳಲ್ಲಿ ಇಕ್ಕಟ್ಟಾದ ಕ್ಯಾಬಿನೆಟ್ಟಿನೊಳಗೆ ಬಿಸಿ ತಡೆಯಲಾಗದೆ ತಾನೇ ವೇಗ ಇಳಿಸಿಕೊಂಡರೆ ಕೊಟ್ಟ ದುಡ್ಡು ಆವಿ.

ಕೊಳ್ಳುವ ಮೊದಲು ಮದರ್‌ಬೋರ್ಡಿನ ಮ್ಯಾನುಯಲ್ ನೋಡಿ. ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರಿಸುವ ಕಿಂಡಿ) ಇದ್ದ ಮಾತ್ರಕ್ಕೆ ಎನ್‌ವಿಎಂಇ (ಪಿಸಿಐಇ ಬಳಸುವ) ಡ್ರೈವ್ ಓಡಬೇಕೆಂದಿಲ್ಲ, ಕೆಲವು ಹಳೇ ಬೋರ್ಡ್‌ಗಳಲ್ಲಿ ಆ ಸ್ಲಾಟ್ ಸಾಟಾಗೆ ಮಾತ್ರ. ಇನ್ನೊಂದು ತೊಡಕು ದೊಡ್ಡ ಡ್ರೈವಿಗೇ ಸೇರಿದ್ದು. ಹಳೇ ಡಿಸ್ಕ್ ಎಂಬಿಆರ್ ಪದ್ಧತಿಯಲ್ಲಿದ್ದರೆ (ಡಿಸ್ಕಿನ ಜಾಗ ಹಂಚುವ ಹಳೇ ವಿಧಾನ), ಅದನ್ನು ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡಿದಾಗ 4 ಟಿಬಿಯಲ್ಲಿ ಸುಮಾರು 2 ಟಿಬಿ ಮಾತ್ರ ಬಳಕೆಗೆ ಸಿಗುತ್ತದೆ. ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಿಕೊಳ್ಳಬೇಕು. ಆಮೇಲೂ ವಿಂಡೋಸ್ 3.6 ಟಿಬಿ ಎಂದೇ ತೋರಿಸುತ್ತದೆ. ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಬಿಲ್ಲು, ವಾರಂಟಿ, ನಕಲಿ

ದರ ಏರಿದಾಗ ಮೋಸವೂ ಏರುತ್ತದೆ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಕಂಡರೆ ಅದು ನಕಲಿಯೇ. ಇಂಥವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಸಿಕ್ಕಿದೆ. ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಜಾಗ ಮುಗಿದ ಮೇಲೆ ಹೊಸ ಫೈಲ್ ಹಳೆಯದನ್ನು ಹಾಳು ಮಾಡುತ್ತಾ ಹೋಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶ ಇಡೀ ಡ್ರೈವ್ ತುಂಬಿಸಿ ವಾಪಸ್ ಓದಿ ಪರೀಕ್ಷಿಸುತ್ತದೆ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಒಮ್ಮೆ ಓಡಿಸಿಬಿಡಿ.

ಅಂಗಡಿಯಲ್ಲಾದರೆ ಜಿಎಸ್‌ಟಿ ಇರುವ ಪಕ್ಕಾ ಬಿಲ್ಲನ್ನೇ ಕೇಳಿ. ಕಚ್ಚಾ ಚೀಟಿಯಲ್ಲಿ ಉಳಿಸಿದ ದುಡ್ಡು ಐದು ವರ್ಷದ ವಾರಂಟಿಗೆ ಸಮವಲ್ಲ. ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಕಂಪನಿಯ ತಾಣದಲ್ಲಿ ಅದನ್ನು ಹಾಕಿ ಭಾರತದ ವಾರಂಟಿ ಇದೆಯೇ ಎಂದು ನೋಡಿಕೊಳ್ಳಿ. ಕ್ರೂಶಿಯಲ್ ದಾಸ್ತಾನು ಇನ್ನೂ ಸಿಕ್ಕರೆ ಕೊಳ್ಳಬಹುದು, ವಾರಂಟಿ ಸೇವೆ ಮುಂದುವರಿಸುವುದಾಗಿ ಮೈಕ್ರಾನ್ ಹೇಳಿದೆ. ಆದರೆ ವಾರಂಟಿಯಲ್ಲಿ ಸಿಗುವುದು ಬೇರೆ ಡ್ರೈವ್, ನಿಮ್ಮ ಫೋಟೊಗಳಲ್ಲ. ಕೆಟ್ಟ ಡ್ರೈವ್ ಅವರ ಕೈಗೆ ಹೋಗುತ್ತದೆ. ಬ್ಯಾಂಕಿನ ಕಾಗದಪತ್ರ ಇಡುವವರು ಮೊದಲ ದಿನವೇ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಬೀಗ) ಹಾಕಿಕೊಳ್ಳುವುದು ಒಳ್ಳೆಯದು. ಅದರ ರಿಕವರಿ ಕೀ ಅದೇ ಡ್ರೈವಿನಲ್ಲಿ ಇಡಬೇಡಿ!

ಎಲ್ಲ ಒಂದೇ ಡ್ರೈವಿನಲ್ಲಿದ್ದರೆ

ಹಾರ್ಡ್ ಡಿಸ್ಕ್ ಸಾಯುವ ಮೊದಲು ಬಹಳ ಸಲ ಕಟಕಟ ಸದ್ದು ಮಾಡಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್) ಕೆಟ್ಟರೆ ಒಂದು ಬೆಳಿಗ್ಗೆ ಡ್ರೈವ್ ಕಾಣಿಸುವುದೇ ಇಲ್ಲ. ಅಳಿಸಿದ ಫೈಲ್ ಮರಳಿ ಪಡೆಯುವುದೂ ಕಷ್ಟ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ನಿಜಕ್ಕೂ ಖಾಲಿ ಮಾಡಿಬಿಡುತ್ತದೆ.

ಕಪಾಟಿನಲ್ಲಿಟ್ಟು ಮರೆಯುವ ದಾಸ್ತಾನಿಗೂ ಎಸ್‌ಎಸ್‌ಡಿ ಸರಿಯಲ್ಲ. ಕೋಶದಲ್ಲಿನ ಆವೇಶ ನಿಧಾನಕ್ಕೆ ಸೋರುತ್ತದೆ. ಮೆಮೊರಿ ಉದ್ಯಮದ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ಬಾಳಿಕೆಯ ಲೆಕ್ಕ ಪೂರ್ತಿ ಮುಗಿದ ಮನೆಬಳಕೆಯ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ.

ಅದಕ್ಕೇ 4 ಟಿಬಿಯ ಒಂದೇ ಡ್ರೈವಿಗೆ ಇಡೀ ಬಜೆಟ್ ಸುರಿಯುವ ಬದಲು 1 ಅಥವಾ 2 ಟಿಬಿಯ ಒಳ್ಳೆ ಟಿಎಲ್‌ಸಿ ಎಸ್‌ಎಸ್‌ಡಿ, ಜೊತೆಗೆ ಹಳೇ ಫೈಲಿಗೆ ಹಾರ್ಡ್ ಡಿಸ್ಕ್ ಎರಡು ಎನ್ನುವುದು ಸದ್ಯಕ್ಕೆ ಹೆಚ್ಚಿನ ಮನೆಗಳಿಗೆ ಸರಿಹೊಂದುವ ದಾರಿ. ಎರಡರಲ್ಲೂ ಒಂದೇ ಪ್ರತಿ ಇರಲಿ. ವರ್ಷಕ್ಕೊಮ್ಮೆ ಮಂಗಳೂರಿಗೋ ಉಡುಪಿಗೋ ಹೋಗುವವರು ಒಂದನ್ನು ಊರಿನ ಮನೆಯಲ್ಲಿ ಇಡಬಹುದು. ಮನೆಗೆ ನೀರು ನುಗ್ಗಿದರೂ ಕಳ್ಳರು ಬಂದರೂ ಎರಡೂ ಒಟ್ಟಿಗೆ ಹೋಗುವುದಿಲ್ಲ. ಹಾರ್ಡ್ ಡಿಸ್ಕ್ ದರವೂ ಏರಿರಬಹುದು, ಆದರೂ ಪ್ರತಿ ಟಿಬಿಗೆ ಅದೇ ಅಗ್ಗ.

ಮುಂದೆ ಏನಾಗಬಹುದು

ಲ್ಯಾಪ್‌ಟಾಪ್ ಕಂಪನಿಗಳು ದರ ಏರಿಸದೆ ಇರಲು 1 ಟಿಬಿ ಬದಲು 512 ಜಿಬಿ ಹಾಕಿ ಕೊಡುವ ಸಾಧ್ಯತೆ ಹೆಚ್ಚು. ಆಗ ಡ್ರೈವ್ ಬದಲಿಸಲು ಆಗುವ ಲ್ಯಾಪ್‌ಟಾಪೇ, ಇಲ್ಲ ಬೆಸುಗೆ ಹಾಕಿದ್ದೇ ಎಂದು ಕೊಳ್ಳುವ ಮೊದಲು ಕೇಳಬೇಕು. ಕ್ಯೂಎಲ್‌ಸಿ 4 ಟಿಬಿಯಿಂದ ಕೆಳಗಿಳಿದು 1–2 ಟಿಬಿಗೂ ಇನ್ನಷ್ಟು ಹರಡಬಹುದು. ಚೀನಾದ ಚಿಪ್ ಇರುವ ಡ್ರೈವ್‌ಗಳು ಹೆಚ್ಚಾಗಿ ಕಾಣಿಸಬಹುದು. ವೈಎಂಟಿಸಿ ಮೇಲೆ 2022ರ ಡಿಸೆಂಬರಿನಿಂದ ಅಮೆರಿಕದ ನಿರ್ಬಂಧವಿದೆ, ಆದರೆ ಅದರ ಟಿಎಲ್‌ಸಿ ಚಿಪ್ ಕಳಪೆಯೇನಲ್ಲ.

ಹಳೇ ಡ್ರೈವ್‌ಗಳ ಮಾರಾಟವಂತೂ ಜೋರಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಕಂಪ್ಯೂಟರಿಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ತೆರೆದು ನೋಡಬೇಕು. ಎಷ್ಟು ಗಂಟೆ ಓಡಿದೆ, ಒಟ್ಟು ಎಷ್ಟು ಬರೆಯಲಾಗಿದೆ, ಉಳಿದ ಆರೋಗ್ಯ ಶೇಕಡಾ ಎಷ್ಟು ಎಂದು ಅದು ತೋರಿಸುತ್ತದೆ. ಸಾವಿರಾರು ಗಂಟೆ ಓಡಿದ ಡ್ರೈವ್ ಕೆಲವೇ ಟಿಬಿ ಬರೆದಿದ್ದರೆ ಪರವಾಗಿಲ್ಲ, ಅದು ಯಾವುದೋ ಆಫೀಸಿನ ಕಂಪ್ಯೂಟರಿನದ್ದು ಇರಬಹುದು. ಓಡಿದ ಗಂಟೆ ಕಡಿಮೆ ಇದ್ದೂ ನೂರಾರು ಟಿಬಿ ಬರೆದಿದ್ದರೆ ವಾಪಸ್ ಕೊಟ್ಟುಬಿಡಿ. ಜೋಡಿಸಿ ನೋಡಲು ಅಂಗಡಿಯವರು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.